ಏಳು ಕಿಲೋ ಇನ್ನೂರು ಗ್ರಾಂ

ಈ ಲೋಕ ಒಂದು ನೆಲುವಿನಲ್ಲಿ ನೇತಾಡುತ್ತಿದೆ ಎಂಬ ಸತ್ಯ ನನಗೆ ನಾಲ್ಕನೆಯ ವರ್ಷಕ್ಕೇ ತಿಳಿದಿತ್ತು. ಹೇಳಿದವಳು ನಮ್ಮ ಅಜ್ಜಿ ಇಂದಿರಾಬಾಯಿ. ಆಕಾಶದ ಅಡಿಗೆಮನೆಯಲ್ಲಿ ಒಬ್ಬ ಮುದುಕಿ ಇದ್ದಾಳಂತೆ. ಬೆಕ್ಕಿನ ಕಾಟಕ್ಕೆ ಬೇಸತ್ತು ಅವಳು ಹಗ್ಗದ ನೆಲುವು ಹೆಣೆದು, ಭೂಮಿಯನ್ನು ದೊಡ್ಡ ಗಡಿಗೆಯಲ್ಲಿ, ಸಮುದ್ರವನ್ನು ಅದರ ಮೇಲಿನ ಗಡಿಗೆಯಲ್ಲಿ, ಬೆಣ್ಣೆಯಂಥ ಚಂದ್ರನನ್ನು ಎಲ್ಲಕ್ಕೂ ಮೇಲಿನ ಕುಡಿಕೆಯಲ್ಲಿ ಇಟ್ಟು ತೂಗುಹಾಕಿದ್ದಾಳಂತೆ. ಬೆಕ್ಕು ಹಾರಿದ ದಿನ ಭೂಕಂಪ. ನಾನು ಇದನ್ನು ಪೂರ್ತಿ ನಂಬಿದ್ದೆ. ಈಗ ಎಂ.ಎ. ಮುಗಿದಿದೆ, ಮುಕ್ಕಾಲು ಪಾಲು ನಂಬುತ್ತೇನೆ.

ಈ ಕಥೆಯನ್ನು ಪ್ರತಿ ಸಲವೂ ನಡುವೆ ತಡೆಯುತ್ತಿದ್ದವನು ನಮ್ಮ ದಿಗಂಬರ ಕಾಕಾ.

"ಅವ್ವಾ, ಎಲ್ಲಾ ಖರೆ ಅಂತ ಇಟಗೋಳೋಣು. ಆ ನೆಲುವಿನ ಗುರುತ್ವಕೇಂದ್ರ ಎಲ್ಲಿತ್ತು?"

"ಅದೇನಪಾ ಅದು?"

"ಒಟ್ಟು ಭಾರ ಎಲ್ಲಾ ಒಂದ ಕಡೆ ಕೂಡಿಬಂದ್ಹಂಗ ಇರೋ ಜಾಗಾ."

"ಗೂಟದ ಕೆಳಗ," ಎನ್ನುತ್ತಿದ್ದಳು ಅಜ್ಜಿ, ಹೆಸರುಕಾಳು ಆರಿಸುವ ಕೈ ನಿಲ್ಲಿಸದೆ. "ಮತ್ತೆಲ್ಲಿ ಇರ್ತದ?"

ಕಾಕಾ ನನ್ನ ಕಡೆ ತಿರುಗಿ ಮುಗುಳ್ನಗುತ್ತಿದ್ದ. ಓದದವರ ಜೊತೆ ವಾದ ಹಾಕಬಾರದು ಎಂಬ ಅರ್ಥದ ಮುಗುಳ್ನಗೆ ಅದು.

ಇಲ್ಲಿ ಕಾಕಾನ ವಿದ್ಯಾಭ್ಯಾಸದ ವಿಷಯ ಹೇಳಬೇಕು. ಅವನು ಬೈಲಹೊಂಗಲದ ಒಂದು ಕಾಲೇಜಿನ ಫಿಜಿಕ್ಸ್ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ. ಹಲಗೆಯ ಮೇಲೆ ಒಂದು ಅಕ್ಷರ ಬರೆದವನಲ್ಲ; ಆದರೆ ಅಲ್ಲಿ ಬರೆದದ್ದನ್ನೆಲ್ಲ ಅಳಿಸಿದವನು ಅವನೇ. ಹಾಗೆ ಅಳಿಸುವಾಗ ವಿದ್ಯೆ ಡಸ್ಟರಿನಿಂದ ತೋಳಿಗೆ, ತೋಳಿನಿಂದ ತಲೆಗೆ ಏರಿದೆ ಎಂಬುದು ಅವನ ನಂಬಿಕೆ. ನಿವೃತ್ತಿಯ ದಿನ ಉಳಿದವರೆಲ್ಲ ಶಾಲು, ಗಡಿಯಾರ ಕೇಳಿ ಪಡೆದರೆ ಅವನು ತುಕ್ಕು ಹಿಡಿದ ಒಂದು ಸ್ಪ್ರಿಂಗ್ ತಕ್ಕಡಿ ಕೇಳಿ ಪಡೆದ. ಊರು ಅವನನ್ನು 'ದಿಗಂಬರ ಸರ' ಎನ್ನುತ್ತದೆ. ನಮ್ಮಕ್ಕ ಶ್ರದ್ಧಾಳ ಮದುವೆಯಲ್ಲಿ ರಾಮದುರ್ಗದ ಬೀಗಿತ್ತಿ ಸುಚೇತಾಬಾಯಿ, "ನೀವು ಫಿಜಿಕ್ಸ್ ಪ್ರೊಫೆಸರ್ ಅಂತಲ್ರಿ?" ಎಂದಾಗ ಕಾಕಾನ ಬಾಯಲ್ಲಿ ಬುಂದಿ ಉಂಡೆ ಇತ್ತು. ಅದು ಕರಗುವಷ್ಟರಲ್ಲಿ ಅವರು ಮುಂದಿನ ಪಂಕ್ತಿಗೆ ಹೋಗಿಬಿಟ್ಟರು. ಮುಂದಿನ ಎರಡು ವರ್ಷವೂ ಆ ಉಂಡೆ ಕರಗಲಿಲ್ಲ ಎಂದೇ ಹೇಳಬೇಕು.

ಈ ಏಪ್ರಿಲ್‌ನಲ್ಲಿ ಶ್ರದ್ಧಾ ನಮ್ಮ ಮನೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ತಿಂಗಳು ತುಂಬಿದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಯಿತು. ಆಗ ಬಂತು ರಾಮದುರ್ಗದ ಫೋನು.

"ತೊಟ್ಟಲಾ ಸಮಾ ನಿಂದ್ರಬೇಕು ನೋಡ್ರಿ ದಿಗಂಬರರಾಯರ," ಎಂದರು ಸುಚೇತಾಬಾಯಿ. "ನಮ್ಮಣ್ಣನ ಮೊಮ್ಮಗನ ಹೆಸರಿಡೋ ದಿವಸ ತೊಟ್ಟಲಾ ಎಡಕ್ಕ ವಾಲಿತ್ತು. ಹುಡುಗ ಇವತ್ತಿಗೂ ಎಡಕ್ಕ ತಿರಗೋ ಬಸ್ಸಿನಾಗ ವಾಂತಿ ಮಾಡ್ಕೋತಾನ. ನಿಮ್ಮನ್ಯಾಗ ನನಗೇನು ಚಿಂತಿ ಇಲ್ಲ ಬಿಡ್ರಿ. ಮೂವತ್ತು ಮಂದಿಗೆ ಹೇಳೀನಿ, ತೊಟ್ಟಲಾ ಹ್ಯಾಂಗ ಕಟ್ಟಬೇಕು ಅನ್ನೋದು ಪ್ರೊಫೆಸರ್ ಮನ್ಯಾಗ ನೋಡ್ರಿ ಬರ್ರಿ ಅಂತ."

ಫೋನಿಟ್ಟ ಮೇಲೆ ಶ್ರದ್ಧಾ ತಲೆಗೆ ಕಟ್ಟಿದ ಬಟ್ಟೆ ಸರಿಸಿ ಕಾಕಾನನ್ನು ನೋಡಿದಳು. "ಕಾಕಾ, ಈಗರೆ ಖರೆ ಹೇಳಿಬಿಡು. ಮೂವತ್ತು ಮಂದಿ ಮುಂದ ಗೊತ್ತಾದ್ರ ನಮ್ಮತ್ತಿ ಸಾಯೋತನಕಾ ನನಗ ಅದನ್ನ ಆಡ್ತಾಳ. ಸಾರಿಗೆ ಉಪ್ಪು ಕಡಿಮಿ ಆದ್ರೂ 'ಪ್ರೊಫೆಸರ್ ಮನಿಯಾಕಿ' ಅಂತಾಳ."

"ತೊಟ್ಟಲಾ ಸಮಾ ನಿಂತರ ಸಾಕಲಾ? ಯಾರೂ ಸರ್ಟಿಫಿಕೇಟ್ ಕೇಳೂದಿಲ್ಲ," ಎಂದ ಕಾಕಾ.

ತೊಟ್ಟಿಲು ಸಮ ನಿಲ್ಲುವುದೇ ಕಷ್ಟವಿತ್ತು. ನಮ್ಮ ಪಡಸಾಲೆಯ ತೊಲೆಯಲ್ಲಿ ಹಿಂದೆ ಎರಡು ಕೊಂಡಿಗಳಿದ್ದವು. ಒಂದಕ್ಕೆ ಈಗ ಫ್ಯಾನು ಇದೆ. ಫ್ಯಾನು ಬಿಚ್ಚಿದರೆ ಮೇ ತಿಂಗಳ ಬಿಸಿಲಿಗೆ ಬೀಗಿತ್ತಿಯೇ ಬೀಳುತ್ತಾರೆ. ಆದ್ದರಿಂದ ತೊಟ್ಟಿಲಿನ ನಾಲ್ಕೂ ಸರಪಳಿಗಳನ್ನು ಒಂದೇ ಕಬ್ಬಿಣದ ಬಳೆಗೆ ಸೇರಿಸಿ, ಉಳಿದ ಒಂದೇ ಕೊಂಡಿಗೆ ತೂಗುಹಾಕಬೇಕಾಯಿತು. ಖಾಲಿ ಇದ್ದಾಗ ಅದು ಸಾಧುವಿನ ಹಾಗೆ ಸಮವಾಗಿ ನಿಲ್ಲುತ್ತಿತ್ತು. ತಲೆಯ ಕಡೆ ಒಂದು ದಿಂಬಿಟ್ಟರೂ ಸಾಕು, ಮೂಗು ಕೆಳಗೆ ಮಾಡಿ ಬಾವಿಗಿಳಿಯುವ ಕೊಡದಂತೆ ಬಾಗುತ್ತಿತ್ತು.

ಕಾಕಾ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿ ಅರ್ಧ ದಿನ ತೊಟ್ಟಿಲನ್ನೇ ನೋಡಿದ. ನಾನೂ ಪಕ್ಕದಲ್ಲಿ ಮಲಗಿ ನೋಡಿದೆ. ಕೆಳಗಿನಿಂದ ಅದು ನಿಜಕ್ಕೂ ಅಜ್ಜಿಯ ನೆಲುವಿನಂತೆಯೇ ಕಾಣುತ್ತಿತ್ತು. ಒಂದು ವಸ್ತುವಿಗೆ ಯಾರೂ ಹೇಳಿಕೊಡದೆ, ಹೀಗೆ ಬಾಗಿದರೆ ಸಾಕು, ಇನ್ನು ನಿಲ್ಲಬಹುದು ಎಂದು ಹೇಗೆ ತಿಳಿಯುತ್ತದೆ?

"ಭಾರದ ಕೇಂದ್ರ ಕೊಂಡಿ ಕೆಳಗ ಬರೋ ತನಕಾ ತಿರಗತದ, ಬಂದ ಕೂಡಲೆ ನಿಲ್ಲತದ," ಎಂದ ಕಾಕಾ, ದೊಡ್ಡ ರಹಸ್ಯ ಹೇಳುವವನಂತೆ. ಅಡಿಗೆಮನೆಯಲ್ಲಿ ಅಜ್ಜಿ ಕೆಮ್ಮಿದಳು.

"ಅಂದ್ರ ಕೂಸಿನ ತೂಕ ಗೊತ್ತಾಗಬೇಕು," ಎಂದು ಕಾಕಾ ಎದ್ದು ಸ್ಪ್ರಿಂಗ್ ತಕ್ಕಡಿ ತಂದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಹೆಸರಿಡೋ ತನಕಾ ಕೂಸಿನ ತೂಕಾ ಮಾಡಬಾರದು. ಅಂಗನವಾಡಿ ಅನ್ನಪೂರ್ಣಾನ ಎರಡು ಸಲ ತಿರುಗಿಸಿ ಕಳಿಸೀನಿ. ನನ್ನ ಮರಿಮಗಳನ್ನ ನಿನ್ನ ಕೊಂಡಿಗೆ ಹಾಕಿದ್ರ ನಿನ್ನ ಗೂಟಕ್ಕ ಹಾಕ್ತೀನಿ."

ಕಾಕಾ ಒಂದು ಗಳಿಗೆ ಪೆಚ್ಚಾದ. ಆಮೇಲೆ ಅವನ ಮುಖದಲ್ಲಿ ಹುಟ್ಟಿದ ಬೆಳಕನ್ನು ನೋಡಿ ನನಗೇ ಭಯವಾಯಿತು.

"ಅವ್ವಾ! ಹೆಸರಿಡೋ ದಿವಸ ಕೂಸಿನಕಿಂತ ಮೊದಲ ರುಬ್ಬೋ ಗುಂಡಕಲ್ಲಿಗೆ ಕುಲಾಯಿ, ಅಂಗಿ ಹಾಕಿ ತೊಟ್ಟಲಾಗ ಮಲಗಸ್ತೀರಲಾ, ಯಾಕ?"

"ದೃಷ್ಟಿ ಕಲ್ಲಿಗೆ ಹೋಗಲಿ ಅಂತ. ಕೂಸು ಕಲ್ಲಿನ್ಹಂಗ ಗಟ್ಟಿ ಆಗಲಿ ಅಂತ."

"ಅಲ್ಲ! ಲೋಡ್ ಟೆಸ್ಟ್! ಸೇತುವೆ ಕಟ್ಟಿದ ಮ್ಯಾಲ ಮೊದಲ ಉಸುಕಿನ ಲಾರಿ ಬಿಟ್ಟು ನೋಡತಾರಲಾ, ಹಂಗ. ನಮ್ಮ ಹಿರ್‍ಯಾರು ಕೂಸಿನ ಬದಲಿ ತೂಕಕ್ಕ ಅಂತನ ಆ ಕಲ್ಲು ಗೊತ್ತುಮಾಡ್ಯಾರ. ಕಲ್ಲಿನ ತೂಕಾ ಅಂದ್ರ ಕೂಸಿನ ತೂಕಾ!"

ಹಿರಿಯರ ಮೇಲೆ ಇಷ್ಟು ಗೌರವ ಅವನಿಗೆ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ, ಹೆಸರಿಡುವುದಕ್ಕೆ ಸರಿಯಾಗಿ ಐದು ದಿನ ಮುಂಚೆ, ಹಿತ್ತಲ ನುಗ್ಗೆಯ ಕೊಂಬೆಗೆ ಕಾಕಾ ತಕ್ಕಡಿ ಕಟ್ಟಿದ. ಗುಂಡಕಲ್ಲಿಗೆ ಕೂಸಿನ ಅಂಗಿ ತೊಡಿಸಿದ, ಕುಂಚಿಗೆ ಕಟ್ಟಿದ. ಕುಂಚಿಗೆಯ ತೂಕವನ್ನೂ ಹಿಡಿಯಬೇಕಲ್ಲ! ಶಾಸ್ತ್ರಕ್ಕೆ ಇರಲಿ ಎಂದು ನಾನೇ ಅದರ ಹಣೆಗೆ ಕಾಡಿಗೆಯ ಬೊಟ್ಟಿಟ್ಟೆ. ಪಂಚೆಯ ಜೋಳಿಗೆಯಲ್ಲಿ ಅದನ್ನು ಮಲಗಿಸಿ ಕೊಕ್ಕೆಗೆ ಸಿಕ್ಕಿಸಿ, ನನ್ನನ್ನು ಚಾಕ್ ತರಲು ಒಳಗೆ ಅಟ್ಟಿದ. ನಾನು ಚಾಕ್ ಹುಡುಕುತ್ತಿದ್ದಾಗ ಹೊರಗೆ ನಡೆದ ಮಾತುಕತೆ ಕಿಟಕಿಯಿಂದ ಪೂರ್ತಿ ಕೇಳಿಸಿತು. ಕೇಳಿಸಿತೇ ಹೊರತು ಅರ್ಥವಾಗಲಿಲ್ಲ. ನನ್ನ ತಲೆ ಇನ್ನೂ ನೆಲುವಿನಲ್ಲೇ ಇತ್ತು.

ಮೊದಲು ಗೋಡೆಯಾಚೆಯಿಂದ ಪಕ್ಕದ ಮನೆಯ ತಂಗೆವ್ವಳ ದನಿ. "ಯವ್ವಾ ಯವ್ವಾ! ಅನ್ನಪೂರ್ಣಾ, ಲಗೂನ ಬಾರ! ಸರ ಕೂಸಿನ ತೂಗಾಕ ಹತ್ಯಾರ!"

ಅನ್ನಪೂರ್ಣಾ ಓಡಿ ಬಂದಳು. ಇಡೀ ವಾರ್ಡಿನ ಕೂಸುಗಳ ತೂಕ ಅವಳ ಮೊಬೈಲಿನಲ್ಲಿ ತುಂಬಿತ್ತು. ನಮ್ಮ ಮನೆಯದೊಂದೇ ಖಾಲಿ, ಅದಕ್ಕಾಗಿ ಮೇಲಿನವರಿಂದ ದಿನಾ ಬೈಗುಳ.

"ಸರ, ಅಲುಗಾಡಸಬ್ಯಾಡ್ರಿ! ಹಂಗ ಹಿಡೀರಿ! ಮುಳ್ಳು... ಏಳು... ಏಳು ಕಿಲೋ ಇನ್ನೂರ ಗ್ರಾಮೇನ್ರಿ?"

ಮೂವತ್ತೊಂದು ವರ್ಷದಲ್ಲಿ ತನ್ನ ಪ್ರಯೋಗಕ್ಕೆ ಮೊದಲ ಪ್ರೇಕ್ಷಕರು ಸಿಕ್ಕಿದ ಸಂತೋಷ ಕಾಕಾನಿಗೆ. "ಬರೋಬ್ಬರಿ! ಮೂರು ಸಲ ನೋಡೀನಿ. ಜೋಳಿಗಿ ತೂಕಾ ಕಳದ ಹೇಳಲಿಕ್ಕತ್ತೀನಿ."

"ಇಷ್ಟ ಭಾರ ಐತಂತ ಗೊತ್ತಿರಲಿಲ್ಲ ಬಿಡ್ರಿ!"

"ನೋಡಿದ್ರ ಗೊತ್ತಾಗೂದಿಲ್ಲ. ಒಳಗ ಗಟ್ಟಿ ಅದ."

"ಏನ್ ಶಾಣ್ಯಾ ಐತ್ರಿ, ಒಂಚೂರರ ಅಳವಲ್ದು!" ಎಂದಳು ತಂಗೆವ್ವ.

ಗುಂಡಕಲ್ಲನ್ನು ಕೂಸೆಂದು ಹಾಸ್ಯ ಮಾಡುವುದು ಹೆಂಗಸರ ವಾಡಿಕೆ. ಕಾಕಾನೂ ಹಾಸ್ಯಕ್ಕಿಳಿದ. "ರಾತ್ರಿ ಒಲಿ ಬಾಜೂಕ ನೆಲದ ಮ್ಯಾಲ ಇಟ್ಟಿದ್ವಿ. ತುಟಿಪಿಟಕ್ ಅನ್ನಲಿಲ್ಲ."

ಗೋಡೆಯಾಚೆ ಗುಸುಗುಸು ಎದ್ದಿತು. ಆಮೇಲೆ ತಂಗೆವ್ವ ಮೆಲ್ಲಗೆ, "ಓದಿದವರ ಮನಿ ಪದ್ಧತಿನ ಬ್ಯಾರೆ," ಎಂದಳು. ಅನ್ನಪೂರ್ಣಾ ಮೊಬೈಲಿನಲ್ಲಿ ಬೆರಳೊತ್ತಿದಳು. ಸರಕಾರಕ್ಕೆ ಸುದ್ದಿ ಮುಟ್ಟಿತು.

ಕಾಕಾ ಹಿತ್ತಲಗೋಡೆಯ ಮೇಲೆ ಲೆಕ್ಕ ಶುರುಮಾಡಿದ. ತೊಟ್ಟಿಲು ಒಂಬತ್ತು ಕಿಲೋ, ಅದರ ಭಾರ ನಟ್ಟನಡುವೆ. ಕಲ್ಲು ಏಳು ಕಿಲೋ ಇನ್ನೂರು ಗ್ರಾಂ, ಕೂಸಿನ ಎದೆ ಬರುವ ಜಾಗದಲ್ಲಿ. ಕೊಂಡಿಯಿಂದ ಇದರ ದೂರವನ್ನು ಇದರ ತೂಕಕ್ಕೂ ಅದರ ದೂರವನ್ನು ಅದರ ತೂಕಕ್ಕೂ ಗುಣಿಸಿದರೆ ಎರಡೂ ಸಮ ಬರಬೇಕು. ಬಾರಲಿಲ್ಲ. ಅಳಿಸಿದ. ಅಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂರನೆಯ ದಿನ ಉತ್ತರ ಬಂತು: ಬಳೆ ತಲೆಯ ಕಡೆಗೆ ಆರು ಬೆರಳು ಸರಿಯಬೇಕು. ತಲೆಯ ಕಡೆಯ ಸರಪಳಿಗಳನ್ನು ಕೊಂಡಿ ಕೊಂಡಿಯಾಗಿ ಗಿಡ್ಡ ಮಾಡಿದ, ಕಾಲಕಡೆಯವನ್ನು ಉದ್ದ ಮಾಡಿದ. ಕಲ್ಲು ಮಲಗಿಸಿ, ತೊಟ್ಟಿಲ ಹಲಗೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟ. ನಿಂಬೆಹಣ್ಣು ಉರುಳಲಿಲ್ಲ. ಕಾಕಾ ಒಬ್ಬನೇ ನಿಂತು ಚಪ್ಪಾಳೆ ಹೊಡೆದ.

ಅಷ್ಟರಲ್ಲಿ ಊರು ತನ್ನ ಕೆಲಸ ಮುಗಿಸಿತ್ತು. ತಿಂಗಳು ತುಂಬದ ಕೂಸು ಏಳು ಕಿಲೋ ಇನ್ನೂರು ಎಂಬ ಸುದ್ದಿ ತಂಗೆವ್ವಳ ಅಂಗಳ ದಾಟಿ, ಬಸ್ ಸ್ಟ್ಯಾಂಡ್ ಮುಟ್ಟಿ, ಕಿತ್ತೂರಿಗೊಂದು ಸವದತ್ತಿಗೊಂದು ಬಸ್ ಹಿಡಿದಿತ್ತು. ಕಿತ್ತೂರಿನ ಅತ್ತೆ ಫೋನು ಮಾಡಿ, "ಬಸರಿದ್ದಾಗ ಏನ್ ತಿಂದಿ ಹೇಳಿಬಿಡವಾ," ಎಂದು ಶ್ರದ್ಧಾಳನ್ನು ಪೀಡಿಸಿದಳು. ಶ್ರದ್ಧಾ, "ಅಯ್ಯ ಮಾರಾಯ್ತಿ, ನನ್ನ ಮಗಳು ಬಹಳಂದ್ರ ನಾಕು ಕಿಲೋ ಇದ್ದಾಳ," ಎಂದು ಗಂಟಲು ಹರಿದುಕೊಂಡಳು. ಯಾರೂ ನಂಬಲಿಲ್ಲ. ಹೆತ್ತ ತಾಯಿ ಯಾವತ್ತಾದರೂ ಕೂಸಿನ ನಿಜವಾದ ತೂಕ ಹೇಳುತ್ತಾಳೆಯೇ? ದೃಷ್ಟಿಯಾಗದೆ? ಶ್ರದ್ಧಾ ನಾಲ್ಕು ಎಂದಷ್ಟೂ ಊರಿನಲ್ಲಿ ಏಳು ಗಟ್ಟಿಯಾಗುತ್ತ ಹೋಯಿತು. ನೋಡಲು ಬಂದವರಿಗೆ ಅಜ್ಜಿ ದುಪ್ಪಟಿಯ ಸಂದಿಯಿಂದ ಬರೀ ಮೂಗು ತೋರಿಸಿ ಕಳಿಸುತ್ತಿದ್ದಳು. "ಮೂಗ ಇಷ್ಟಿದ್ದ ಮ್ಯಾಲ..." ಎಂದು ಅವರು ಲೆಕ್ಕ ಹಾಕುತ್ತ ಮೆಟ್ಟಿಲಿಳಿಯುತ್ತಿದ್ದರು.

ಕಾಕಾನಿಗೆ ಮಾತ್ರ ಇದೆಲ್ಲ ತನ್ನ ಸನ್ಮಾನದಂತೆ ಕಾಣಿಸಿತು. ಕಿರಾಣಿ ಅಂಗಡಿಯ ಶಂಕರೆಪ್ಪ, "ಸರ, ಏಳು ಕಿಲೋ ಇನ್ನೂರಂತಲ್ರಿ!" ಎಂದು ಎದ್ದು ನಿಂತೇ ಕೇಳಿದ.

"ಹೌದು. ಒಂದು ಗ್ರಾಂ ಆಚಿ-ಈಚಿ ಇಲ್ಲ."

"ನಮ್ಮ ಹುಡುಗ ವರ್ಷ ತುಂಬಿದಾಗ ಏಳಿದ್ದರಿ."

ಕಲ್ಲಿಗೂ ಹುಡುಗನಿಗೂ ಯಾಕೆ ಹೋಲಿಕೆ ಎಂದು ಕಾಕಾನಿಗೆ ತಿಳಿಯಲಿಲ್ಲ. ಶಂಕರೆಪ್ಪ ವಿಜ್ಞಾನ ಓದಿದವನಲ್ಲ ಎಂದು ಕ್ಷಮಿಸಿ ಬಂದ.

ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರಾವರಿ ಇಂಜಿನಿಯರ್ ಆಗಿರುವ ನಮ್ಮ ಭಾವ ಅಜಿತ ಫೋನಿನಲ್ಲಿ ಅನುಮಾನಿಸುತ್ತ ಕೇಳಿದ. "ಶ್ರದ್ಧಾ, ಹ್ವಾದ ಐತವಾರ ನಾ ಎತಗೊಂಡಾಗ ಇಷ್ಟಿದ್ದಿಲ್ಲಲಾ? ನಮ್ಮವ್ವ ಹೊಲಿಸಿದ ಅಂಗಿ ಎಲ್ಲಾ ಬಿಚ್ಚಿ ದೊಡ್ಡವು ಹೊಲಸಲಿಕ್ಕತ್ತಾಳ."

ಆ ದಿನ ಬಂತು. ಮುಹೂರ್ತ ಹನ್ನೊಂದು ನಲವತ್ತರಿಂದ ಹನ್ನೆರಡರವರೆಗೆ. ರಾಮದುರ್ಗದಿಂದ ಮೂವತ್ತು ಜನ ಬಂದರು. ಏಳು ಕಿಲೋ ನೋಡಲು ಓಣಿಯ ಐವತ್ತು ಜನ ತಾವಾಗಿಯೇ ಸೇರಿದರು. ಸುಚೇತಾಬಾಯಿ ಫ್ಯಾನಿನ ಕೆಳಗೆ ಕುಳಿತು, "ನಡೀರಿ ಪ್ರೊಫೆಸರ, ತೋರಸ್ರಿ ನಿಮ್ಮ ವಿದ್ಯಾ," ಎಂದರು. ಕಾಕಾ ಇಸ್ತ್ರಿ ಮಾಡಿದ ಅಂಗಿಯ ಜೇಬಿನಿಂದ ನಿಂಬೆಹಣ್ಣು ತೆಗೆದ.

ಮುತ್ತೈದೆಯರು ಶೃಂಗರಿಸಿದ ಗುಂಡಕಲ್ಲನ್ನು ತೊಟ್ಟಿಲ ಮೇಲಿಂದ ಒಬ್ಬರು, ಕೆಳಗಿನಿಂದ ಒಬ್ಬರು ದಾಟಿಸಿ, ಉಸ್ಸೆಂದು ಒಳಗೆ ಮಲಗಿಸಿದರು. ಕಾಕಾ ಹಲಗೆಯ ಮೇಲೆ ನಿಂಬೆಹಣ್ಣು ಇಟ್ಟ. ಎಂಬತ್ತು ಜನ ಉಸಿರು ಹಿಡಿದರು. ನಿಂಬೆಹಣ್ಣು ಇಟ್ಟಲ್ಲೇ ಕೂತಿತು.

"ಭಲೆ!" ಎಂದರು ಸುಚೇತಾಬಾಯಿ. "ಇದಕ್ಕಂತಾರ ಓದು! ಅಜಿತ, ನೋಡು, ನಿಮ್ಮ ಧರಣದ ಗೇಟು ಹಿಂಗ ನಿಲ್ಲತದೇನು?"

ಅಜಿತ ತಲೆಯೆತ್ತಿ ಬಳೆ ಎಲ್ಲಿದೆ ಎಂದು ನೋಡುತ್ತಿದ್ದ. ಕಲ್ಲನ್ನು ನೋಡಿದ, ಹೆಂಡತಿಯ ತೊಡೆಯ ಮೇಲಿದ್ದ ಮಗಳನ್ನು ನೋಡಿದ. ಬಾಯಿ ತೆರೆಯುವಷ್ಟರಲ್ಲಿ ತಡವಾಗಿತ್ತು.

ಕಲ್ಲು ಹೊರಗೆ ಬಂತು. ಕೂಸು ಅದೇ ಜಾಗಕ್ಕೆ ಹೋಯಿತು. ಶ್ರದ್ಧಾ ಕೈ ಬಿಟ್ಟಳು.

ತೊಟ್ಟಿಲು ಮೊದಲು ಯೋಚಿಸಿತು. ಆಮೇಲೆ ಗಂಭೀರವಾಗಿ ತಲೆ ಎತ್ತಿ ಕಾಲು ಇಳಿಸಿತು. ನಿಂಬೆಹಣ್ಣು ಹಲಗೆಗುಂಟ ಓಡಿ ಸುಚೇತಾಬಾಯಿಯ ಮಡಿಲಲ್ಲಿ ಬಿತ್ತು. ದುಪ್ಪಟಿಯಲ್ಲಿ ಸುತ್ತಿದ್ದ ಕೂಸು ಅಂಗಾಲು ಕೊನೆಯ ಹಲಗೆಗೆ ತಾಗುವವರೆಗೆ ಮೆತ್ತಗೆ ಜಾರಿ, ಭಾಷಣಕ್ಕೆ ನಿಂತವರಂತೆ ಸಭೆಯನ್ನು ನೋಡಿ ಆಕಳಿಸಿತು. ಶ್ರದ್ಧಾ ಕಿರುಚಿ ಎತ್ತಿಕೊಂಡಳು. ಪಡಸಾಲೆ ತುಂಬ "ಅಯ್ಯಯ್ಯೋ".

"ಇದೇನ್ರಿ ಪ್ರೊಫೆಸರ!" ಎಂದರು ಸುಚೇತಾಬಾಯಿ.

ಕಾಕಾ ಬೆವರಿದ. "ಕೂಸು... ಕೂಸಿನ ತೂಕಾ ಕಡಿಮಿ ಬಿದ್ದದ."

"ಕಡಿಮಿ? ಏಳು ಕಿಲೋ ಇನ್ನೂರು ಕಡಿಮಿ ಆತೇನ್ರಿ?"

"ಅದು ಕಲ್ಲಿಂದು—"

ಅವನ ಮಾತು ಮುಗಿಯುವ ಮುಂಚೆ ಬಾಗಿಲಲ್ಲಿ ಅನ್ನಪೂರ್ಣಾ ಕಾಣಿಸಿದಳು. ಅವಳ ಹಿಂದೆ, ಹೆಗಲಿಗೆ ಸರಕಾರಿ ತೂಗುತಕ್ಕಡಿ ಹಾಕಿಕೊಂಡ ಮೇಲ್ವಿಚಾರಕಿ ಮೇಡಂ. ತಾಲೂಕಿಗೇ ದಾಖಲೆಯಾದ ಕೂಸನ್ನು ಕಣ್ಣಾರೆ ನೋಡಿ ಫೋಟೋ ಕಳಿಸಬೇಕೆಂದು ಅವರಿಗೆ ಆದೇಶ ಬಂದಿತ್ತು. ಅಜ್ಜಿ ತಡೆಯುವಷ್ಟರಲ್ಲಿ ಸುಚೇತಾಬಾಯಿಯೇ, "ತೂಗ್ರಿ ಬಾಯಿ, ಏನದ ಇಲ್ಲೇ ಗೊತ್ತಾಗಲಿ," ಎಂದುಬಿಟ್ಟರು.

ಬಾಗಿಲ ಚೌಕಟ್ಟಿನ ಮೊಳೆಗೆ ತಕ್ಕಡಿ ಸಿಕ್ಕಿಸಿ, ಬಟ್ಟೆಯ ಚೀಲದಲ್ಲಿ ಕೂಸನ್ನು ಮಲಗಿಸಿದರು. ಮುಳ್ಳು ಕುಣಿದು ನಿಂತಿತು. ಮೂರು ಕಿಲೋ ಒಂಬೈನೂರು.

ಮೇಡಂ ಮೊಬೈಲ್ ನೋಡಿದರು, ಮುಳ್ಳು ನೋಡಿದರು, ಮತ್ತೆ ಮೊಬೈಲ್ ನೋಡಿದರು. ಅವರ ಮುಖ ಕೆಂಪಾಗಿದ್ದು ಮೊಬೈಲಿನ ಬೆಳಕಿನಿಂದ. ಹೊಸ ತೂಕ ಒತ್ತಿದೊಡನೆ ಅಲ್ಲಿ ಪರದೆಯಿಡೀ ಕೆಂಪಾಗಿತ್ತು.

"ಐದು ದಿನದಾಗ ಮೂರು ಕಿಲೋ ಮುನ್ನೂರು ಗ್ರಾಂ ಇಳದದ!" ಎಂದರು. "ಏನ್ ಮಾಡೀರಿ ನೀವು ಈ ಕೂಸಿಗೆ? ಹಾಲು ಕೊಡ್ತೀರೋ ಇಲ್ಲೋ?"

"ರಾತ್ರಿ ಒಲಿ ಬಾಜೂಕ ಬರೇ ನೆಲದ ಮ್ಯಾಲ ಮಲಗಸ್ತಾರಂತ್ರಿ ಮೇಡಂ," ಎಂದಳು ತಂಗೆವ್ವ, ಎದೆಗೆ ಕೈಯಿಟ್ಟು. "ಸರನ ಹೇಳಿದ್ರು. ಅಳೂ ತ್ರಾಣಾನೂ ಇಲ್ಲದಕ್ಕ."

ಎಂಬತ್ತು ಜೊತೆ ಕಣ್ಣು ಶ್ರದ್ಧಾಳ ಮೇಲೆ ತಿರುಗಿದವು. ಶ್ರದ್ಧಾಳ ಕಣ್ಣು ತುಂಬಿತು.

"ಇಲ್ಲಾ ಅಂದ್ರ ತಪ್ಪು ತೂಕಾ ಬರದದ್ದು," ಎಂದು ಮೇಡಂ ಅನ್ನಪೂರ್ಣಾಳತ್ತ ಹೊರಳಿದರು. "ಮನೆಯವರದಲ್ಲಾ ಅಂದ್ರ ತಪ್ಪು ನಿಂದು. ನೋಟಿಸು ಕೊಡೂದ ನಾನು."

ಅನ್ನಪೂರ್ಣಾ ಸೆರಗು ಬಾಯಿಗೊತ್ತಿಕೊಂಡಳು. "ಸರ, ನೀವರ ಹೇಳ್ರಿ. ನಾ ಮುಳ್ಳ ನೋಡಿಲ್ಲೇನ್ರಿ? ನೀವ ಬರೋಬ್ಬರಿ ಅಂದಿರಲ್ರಿ. ಕಾಲೇಜಿನ ಪ್ರೊಫೆಸರು ಅಂದ ಮ್ಯಾಲ ನಾ ಯಾಕ ಅನುಮಾನ ಮಾಡಲಿ?"

ಗಡಿಯಾರ ಹನ್ನೊಂದು ಐವತ್ತು ತೋರಿಸುತ್ತಿತ್ತು. ಕಾಕಾ ಒಮ್ಮೆ ಸುಚೇತಾಬಾಯಿಯನ್ನೂ ಒಮ್ಮೆ ಅನ್ನಪೂರ್ಣಾಳನ್ನೂ ನೋಡಿದ. ಅವನಿಗೆ ಎರಡು ವರ್ಷದ ಹಿಂದಿನ ಬುಂದಿ ಉಂಡೆ ನುಂಗುವುದಿತ್ತು. ನುಂಗಿದ.

"ಆಕಿದೇನೂ ತಪ್ಪಿಲ್ರಿ, ತಪ್ಪು ನಂದು," ಎಂದ. "ಆಕಿ ನೋಡಿದ್ದು ಇದನ್ನ." ಬಗ್ಗಿ ಗುಂಡಕಲ್ಲನ್ನು ಎತ್ತಿಕೊಂಡ, ಕುಂಚಿಗೆ ಸಮೇತ. "ಲೆಕ್ಕಕ್ಕ ಅಂತ ಇದನ್ನ ತೂಗಲಿಕ್ಕತ್ತಿದ್ದೆ. ಕೂಸು ಇಷ್ಟ ಇರ್ತದ ಅಂತ ತಿಳಕೊಂಡೆ. ಮತ್ತ ಇನ್ನೊಂದು. ನಾ ಪ್ರೊಫೆಸರ್ ಅಲ್ಲ. ಅದೇ ಲ್ಯಾಬಿನಾಗ ಅಟೆಂಡರ್ ಇದ್ದೆ. ಹಲಗಿ ಒರಸ್ತಿದ್ದೆ."

ಕಾಕಾ ಕಲ್ಲನ್ನು ಎದೆಗಪ್ಪಿಕೊಂಡು ನಿಂತಿದ್ದ. ನಿಜವಾದ ಕೂಸನ್ನೂ ಯಾರೂ ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡದ್ದನ್ನು ನಾನು ನೋಡಿಲ್ಲ.

ಮೇಡಂ ಸರಕಾರಿ ಮನುಷ್ಯರು, ಬಾಯಿಮಾತು ನಂಬುವವರಲ್ಲ. "ಹಂಗಾರ ಹಾಕ್ರಿ ಅದನ್ನ ಚೀಲಕ್ಕ," ಎಂದರು. ಗುಂಡಕಲ್ಲು ಕಾಡಿಗೆ ಬೊಟ್ಟಿಟ್ಟುಕೊಂಡು ಚೀಲದಲ್ಲಿ ಕೂತಿತು. ಮುಳ್ಳು ಒಂದು ಕೂದಲೆಳೆಯೂ ತಪ್ಪದೆ ಹೋಗಿ ನಿಂತಿತು: ಏಳು ಕಿಲೋ ಇನ್ನೂರು ಗ್ರಾಂ.

"ತೂಕಾ ಬರೋಬ್ಬರಿ ಅದ," ಎಂದು ಒಪ್ಪಿಕೊಂಡರು ಮೇಡಂ. ಆದರೆ ಬರೆದದ್ದನ್ನು ಅಳಿಸಲು ಆ ಮೊಬೈಲಿನಲ್ಲಿ ಜಾಗವಿರಲಿಲ್ಲ. ತೂಕ ಇಳಿದದ್ದಕ್ಕೆ ಕಾರಣ ಮಾತ್ರ ಕೇಳುತ್ತಿತ್ತು. ಬೇನೆ, ವಲಸೆ, ಆಹಾರದ ಕೊರತೆ, ಇತರೆ. ಮೇಡಂ ಬಹಳ ಹೊತ್ತು ಯೋಚಿಸಿ 'ಇತರೆ' ಒತ್ತಿ, ಎದುರಿಗೆ 'ಕಲ್ಲು' ಎಂದು ಬರೆದರು.

"ಮುಹೂರ್ತ ಮೀರಲಿಕ್ಕತ್ತದ!" ಎಂದು ಯಾರೋ ಕೂಗಿದರು. ಸರಪಳಿ ಬಿಚ್ಚಿ ಮತ್ತೆ ಕಟ್ಟಲು ಗಂಟೆಗಟ್ಟಲೆ ಬೇಕು. ಕಾಕಾ ಚಾಕಿಗಾಗಿ ಜೇಬು ತಡಕಾಡುತ್ತಿದ್ದ.

"ಅತ್ಲಾಗ ಸರಿ," ಎಂದು ಅಜ್ಜಿ ಎದ್ದು ಬಂದಳು. ಗುಂಡಕಲ್ಲನ್ನು ಇಸಿದುಕೊಂಡು ತೊಟ್ಟಿಲ ತಲೆಯ ತುದಿಗೆ, ಹಲಗೆಗೆ ಒತ್ತಿ ಇಟ್ಟಳು. ತೊಟ್ಟಿಲು ತಲೆ ಬಗ್ಗಿಸಿತು. ಕೂಸನ್ನು ಇಸಿದುಕೊಂಡು ನಡುವಿನಿಂದ ಕೆಳಗೆ, ಕಾಲಕಡೆ ಮಲಗಿಸಿದಳು. ಬೆರಳಿನಿಂದ ಒಂದು ಗೇಣು ಅತ್ತ ಸರಿಸಿದಳು, ಅರ್ಧ ಗೇಣು ಇತ್ತ. ಕೈಬಿಟ್ಟಳು.

ತೊಟ್ಟಿಲು ಯೋಚಿಸಿತು. ಸಮವಾಗಿ ನಿಂತಿತು.

ಸುಚೇತಾಬಾಯಿ ಮಡಿಲಲ್ಲಿದ್ದ ನಿಂಬೆಹಣ್ಣನ್ನು ತಾವೇ ತಂದು ಹಲಗೆಯ ಮೇಲಿಟ್ಟರು. ಅದು ಅಲುಗಲಿಲ್ಲ.

"ಅಜ್ಜಿ, ಹ್ಯಾಂಗ ಗೊತ್ತಾತು?" ಎಂದೆ ನಾನು.

"ನೆಲುವಿನಾಗ ಇಡೂದಿಲ್ಲೇನು? ಭಾರಂದು ಇಷ್ಟ ಸರದ್ರ ಹಗರಂದು ಅಷ್ಟುದ್ದ ಸರೀಬೇಕು. ಗೂಟದ ಕೆಳಗ ಬಂತಂದ್ರ ಆತು."

ಅಜಿತ ಕಾಕಾನ ಹೆಗಲಿಗೆ ಕೈ ಹಾಕಿದ. "ಸರ, ನೀವು ಹಾಕಿದ ಲೆಕ್ಕಾ ತಪ್ಪಿಲ್ಲ. ನಾ ಮ್ಯಾಲ ನೋಡೀನಿ, ಬಳಿ ಇರಬೇಕಾದ ಜಾಗಾದಾಗ ಅದ. ಕೂಸು ತಪ್ಪಾಗಿತ್ತು, ಅಷ್ಟ."

ಅದನ್ನು ಕೇಳಿ ಶ್ರದ್ಧಾ ಹೆದರಿ ಹೆದರಿ ಅತ್ತೆಯ ಮುಖ ನೋಡಿದಳು. ಸುಚೇತಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕಾಕಾನನ್ನೇ ಅಳೆಯುತ್ತಿದ್ದರು.

"ನನಗ ಆವಾಗನ ಅನುಮಾನ ಬಂತು," ಎಂದರು. "ಎಂಬತ್ತು ಮಂದಿ ಮುಂದ 'ತಪ್ಪು ನಂದು' ಅಂದ್ರಲಾ. ಪ್ರೊಫೆಸರ್ ಇದ್ರ ಹಂಗ ಅಂತಿದ್ದಿಲ್ಲ. ನಮ್ಮನಿಯವರು ನಲವತ್ತು ವರ್ಷ ಪ್ರೊಫೆಸರ್ ಇದ್ರು. ಒಂದ ದಿನ ಅಂದಿಲ್ಲ."

ಸೋದರತ್ತೆ, ಅಜಿತನ ತಂಗಿ, ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಪ್ರಣಿತಾ ಎಂದು ಹೆಸರಾಯಿತು. ಗಡಿಯಾರದಲ್ಲಿ ಹನ್ನೆರಡಕ್ಕೆ ಒಂದು ನಿಮಿಷ ಇತ್ತು.

ಅವತ್ತಿನಿಂದ ಆ ತೊಟ್ಟಿಲಲ್ಲಿ ಇಬ್ಬರು ಮಲಗಿದರು. ಸರಪಳಿ ಬದಲಾಯಿಸಿಬಿಡೋಣವೆಂದು ಅಜಿತ ಎಷ್ಟೋ ಸಲ ಹೇಳಿದ, ಕಾಕಾ ಕೇಳಲಿಲ್ಲ. ಅಜಿತನೇ ಸರಿ ಎಂದು ಒಪ್ಪಿದ ಲೆಕ್ಕವನ್ನು ಬಿಚ್ಚುವುದು ಹೇಗೆ? ಚಟ್ನಿ ರುಬ್ಬುವುದಿದ್ದರೆ ಮೊದಲು ಕೂಸನ್ನೆತ್ತಿ ನನ್ನ ಕೈಗೆ ಕೊಟ್ಟು, ಆಮೇಲೆ ಕಲ್ಲನ್ನೆತ್ತಿ ಅಜ್ಜಿಯ ಕೈಗೆ ಕೊಡಬೇಕು. ಕೂಸು ಬೆಳೆದ ಹಾಗೆ ಕಾಕಾ ಪ್ರತಿ ಸೋಮವಾರ ಅದನ್ನು ತೂಗಿ, ಗೋಡೆಯ ಲೆಕ್ಕ ಅಳಿಸಿ ಬರೆದು, ಕಲ್ಲನ್ನೋ ಕೂಸನ್ನೋ ಬೆರಳಷ್ಟು ಸರಿಸುತ್ತಿದ್ದ. ಈಗ ತೂಗಲು ಅಜ್ಜಿಯ ಅಡ್ಡಿಯಿರಲಿಲ್ಲ. ರಾಮದುರ್ಗದಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಸುಚೇತಾಬಾಯಿ, "ನಮ್ಮ ಅಟೆಂಡರ್ ಬೀಗರನ್ನ ಕರಸ್ರಿ, ಪ್ರೊಫೆಸರ್‌ಗಿಂತ ಛಲೋ ಕಟ್ಟತಾರ," ಎನ್ನತೊಡಗಿದರು. ಕೂಸನ್ನು ನೋಡಲು ಬಂದಾಗ ಶ್ರದ್ಧಾಳ ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಉಪ್ಪಿಗಷ್ಟೇ ಬೈಯುತ್ತಿದ್ದರು, ಪ್ರೊಫೆಸರ್ ಮಾತು ಎತ್ತುತ್ತಿರಲಿಲ್ಲ.

ಅಕ್ಟೋಬರ್ ಕೊನೆಗೆ, ಶ್ರದ್ಧಾ ಇನ್ನೂ ತವರಲ್ಲೇ ಇದ್ದಾಗ, ಅನ್ನಪೂರ್ಣಾ ತಕ್ಕಡಿ ಹಿಡಿದು ಬಂದಳು. ಪ್ರಣಿತಾಳಿಗೆ ಆರು ತಿಂಗಳು. ಮುಳ್ಳು ಕುಣಿಯಿತು, ನಿಂತಿತು.

"ಸರ," ಎಂದಳು ಅನ್ನಪೂರ್ಣಾ, ಮುಳ್ಳನ್ನು ಎರಡನೆಯ ಸಲ ನೋಡಿ. "ಏಳು ಕಿಲೋ ಇನ್ನೂರು."

ಕಾಕಾ ಗುಂಡಕಲ್ಲನ್ನು ತೊಟ್ಟಿಲಿನಿಂದ ತೆಗೆದು ಅಡಿಗೆಮನೆಗೆ ಒಯ್ದು, ಒರಳಿನ ಪಕ್ಕ ಮರ್ಯಾದೆಯಿಂದ ಇಳಿಸಿದ. ಕೂಸನ್ನು ತಲೆಯ ಕಡೆ, ಗೋಡೆಯ ಮೇಲೆ ಬರೆದ ಅದೇ ಜಾಗದಲ್ಲಿ ಎದೆ ಬರುವ ಹಾಗೆ ಮಲಗಿಸಿದ. ಕೈಬಿಟ್ಟ. ತೊಟ್ಟಿಲು ಯೋಚಿಸಲೂ ಇಲ್ಲ; ನೇರ ನಿಂತಿತು. ಹಲಗೆಯ ಮೇಲೆ ನಿಂಬೆಹಣ್ಣು ಇಟ್ಟ. ಅದು ಕದಲಲಿಲ್ಲ. ಲೆಕ್ಕ ಅಂದೇ ಸರಿಯಿತ್ತು, ಕೂಸು ಬರುವುದು ಐದು ತಿಂಗಳು ತಡವಾಗಿತ್ತು. ಕಾಕಾನ ಕಣ್ಣಲ್ಲಿ ನೀರು.

ಪ್ರಣಿತಾ ಹಳದಿ ಹಣ್ಣನ್ನು ನೋಡಿದಳು. ಕಲ್ಲು ಐದು ತಿಂಗಳಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು: ಕೇಕೆ ಹಾಕಿ, ಒಂದು ಕೈ ಚಾಚಿ, ಮಗ್ಗುಲಿಗೆ ಹೊರಳಿದಳು. ತೊಟ್ಟಿಲು ಪಕ್ಕಕ್ಕೆ ವಾಲಿತು.

"ಚಾಕ್! ಚಾಕ್ ತಾ!" ಎಂದು ಕಾಕಾ ಹಿತ್ತಲಿಗೆ ಓಡಿದ.

ನಾನು ಅಲ್ಲೇ ನಿಂತು ನೋಡುತ್ತಿದ್ದೆ. ತೊಟ್ಟಿಲು ವಾಲಿಕೊಂಡೇ ಎರಡು ಸಲ ತೂಗಿ, ತನ್ನ ಹೊಸ ಜಾಗ ಹುಡುಕಿಕೊಂಡು, ನಿಂತಿತು. ಅದರೊಳಗೆ ಕೂಸು ನಿಂಬೆಹಣ್ಣನ್ನು ಬಾಯಿಗಿಟ್ಟುಕೊಂಡು, ಈ ಲೋಕದ ರುಚಿ ಏನೆಂದು ನೋಡಿ, ಮುಖ ಕಿವುಚಿತು.

ಅಡಿಗೆಮನೆಯಿಂದ ಐದು ತಿಂಗಳ ಮೇಲೆ ಮೊದಲ ಸಲ, ಯಾರನ್ನೂ ಎಬ್ಬಿಸದೆ, ಅಜ್ಜಿ ಚಟ್ನಿ ರುಬ್ಬುವ ಸದ್ದು ಬರುತ್ತಿತ್ತು.